ಏಂಜೆಲ್ ‘ಕೈಗೊಂಬೆ’ಯಾದ ಅಂತ ಬರೆಯಬಹುದಾ?

ಶಿರಸಿಯಿಂದ ಒಂದು ಪದದ ಪ್ರಶ್ನೆ. ‘ಏಂಜೆಲ್’ ಎಂಬ ಹಳೆಯ ಅಮೆರಿಕನ್ ಧಾರಾವಾಹಿಯ ಕಂತುಗಳ ಕಥೆಯನ್ನು ಚಿಕ್ಕದಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾಯಕ ರಕ್ತಪಿಶಾಚಿ, ಆದರೆ ಆತ್ಮ ಇರುವವನು, ಒಳ್ಳೆಯವನು. ತೊಡಕಾಗಿದ್ದು ಐದನೇ ಸೀಸನ್ನಿನ 14ನೇ ಕಂತು ‘ಸ್ಮೈಲ್ ಟೈಮ್’ನಲ್ಲಿ (2004). ಟಿವಿಯ ಮಕ್ಕಳ ಕಾರ್ಯಕ್ರಮದ ಗೊಂಬೆಗಳೇ ಅದನ್ನು ನೋಡುವ ಮಕ್ಕಳ ಜೀವ ಹೀರುತ್ತವೆ. ಮಕ್ಕಳು ಹಲ್ಲು ಕಿರಿದುಕೊಂಡೇ ಎಚ್ಚರ ತಪ್ಪಿ ಬೀಳುತ್ತಾರೆ. ವಿಚಾರಿಸಲು ಹೋದ ಏಂಜೆಲ್ ಮಾಟಕ್ಕೆ ಸಿಕ್ಕಿ ತಾನೇ ಬಟ್ಟೆಯ ಪಪೆಟ್, ಅಂದರೆ ಕೈ ತೂರಿಸಿ ಆಡಿಸುವ ಥರದ ಗೊಂಬೆ, ಆಗಿಬಿಡುತ್ತಾನೆ.

ಈಗ ‘ಏಂಜೆಲ್ ಕೈಗೊಂಬೆಯಾದ’ ಎಂದು ಬರೆದರೆ ಓದುವವರು ಮೊದಲು ಕೇಳುವುದು ‘ಯಾರ ಕೈಗೊಂಬೆ?’ ಅಂತಲೇ. ಪುಢಾರಿಗಳ ಕೈಗೊಂಬೆ, ಹೆಂಡತಿಯ ಕೈಗೊಂಬೆ ಅಂತ ಬಳಸಿ ಬಳಸಿ ಆ ಪದದಲ್ಲಿ ಗೊಂಬೆಯೇ ಉಳಿದಿಲ್ಲ. ಏಂಜೆಲ್ ಆದರೋ ಯಾರ ಕೈಯಲ್ಲೂ ಇಲ್ಲ, ತಾನೇ ಓಡಾಡುತ್ತಾನೆ, ಸಿಟ್ಟು ಮಾಡುತ್ತಾನೆ, ತನ್ನನ್ನು ನೋಡಿ ನಕ್ಕ ಸ್ಪೈಕ್ ಎಂಬ ಇನ್ನೊಬ್ಬ ರಕ್ತಪಿಶಾಚಿಯ ಮೇಲೆ ಹಾರಿ ಬಿದ್ದು ಹೊಡೆದಾಡುತ್ತಾನೆ.

ಮಜಾ ಅಂದ್ರೆ ಅದೇ ಕಂತಿನಲ್ಲಿ ಈ ಪದ ಸರಿಯಾಗಿ ಕೂರುವ ಮನುಷ್ಯನೊಬ್ಬ ಇದ್ದಾನೆ. ಆ ಕಾರ್ಯಕ್ರಮ ಮಾಡಿದ ಫ್ರಾಮ್ಕಿನ್. ಅವನ ಬೆನ್ನಿನಲ್ಲಿ ದೊಡ್ಡ ತೂತು, ಒಳಗೆ ಟೊಳ್ಳು, ಗೊಂಬೆಯೇ ಅದರೊಳಗೆ ಕೈ ತೂರಿಸಿ ಅವನನ್ನು ಆಡಿಸುತ್ತದೆ! ಅವನು ಎರಡೂ ಅರ್ಥದಲ್ಲಿ ಕೈಗೊಂಬೆ. ಹಾಗಾಗಿ ಆ ಪದವನ್ನು ಅವನಿಗೇ ಎತ್ತಿಡಬೇಕು ಅನ್ನುವುದು ನನ್ನ ಹಟ.

‘ಸೂತ್ರದ ಗೊಂಬೆ’ ಆಗುವುದಿಲ್ಲ, ಇಲ್ಲಿ ದಾರವೇ ಇಲ್ಲ. ಅದೂ ಅಲ್ಲದೆ ನಮ್ಮ ಕರಾವಳಿ ಕಡೆಯವರಿಗೆ ಆ ಮಾತು ಕೇಳಿದರೆ ಕಣ್ಣಿಗೆ ಬರುವುದು ಕುಂದಾಪುರದ ಹತ್ತಿರದ ಉಪ್ಪಿನಕುದ್ರುವಿನ ಗೊಂಬೆಗಳು, ಯಕ್ಷಗಾನದ ವೇಷ, ಭಾಗವತರ ಹಾಡು, ಚಂಡೆ. ಶಾಲೆಯ ಮಾಸ್ತರರು ‘ಕೈಗವಸು ಗೊಂಬೆ’ ಅನ್ನುತ್ತಾರೆ. ಅರ್ಥ ಸರಿ, ಆದರೆ ಕಥೆಯಲ್ಲಿ ಹಾಕಿದರೆ ತರಬೇತಿ ಕೈಪಿಡಿ ಓದಿದ ಹಾಗಿರುತ್ತದೆ. ಕಾರವಾರದ ಕೊಂಕಣಿ ಮನೆಗಳಲ್ಲಿ ಗೊಂಬೆಗೆ ‘ಬಾವ್ಲಿ’. ಕನ್ನಡದ ಕಿವಿಗೆ ಅದು ಬಾವಲಿ, ರಕ್ತಪಿಶಾಚಿಗೆ ಇದಕ್ಕಿಂತ ಒಳ್ಳೆಯ ಹೆಸರು ಬೇಕಾ! ಆದರೆ ಘಟ್ಟದ ಮೇಲಿನವರಿಗೆ ಹೊಳೆಯಲಿಕ್ಕಿಲ್ಲ.

ಇನ್ನೊಂದು ಗೊಂಬೆ ಇದೆ. ‘ಏಂಜೆಲ್’ ಹುಟ್ಟಿದ್ದೇ ‘ಬಫಿ’ ಎಂಬ ಧಾರಾವಾಹಿಯಿಂದ, ಸ್ಪೈಕ್ ಕೂಡ ಅಲ್ಲಿಂದ ಬಂದವನು. ‘ಬಫಿ’ಯ ಮೊದಲ ಸೀಸನ್ನಿನಲ್ಲೇ (1997) ಸಿಡ್ ಎಂಬ ಗೊಂಬೆ ಬರುತ್ತದೆ. ಇಂದುಶ್ರೀ ಅವರ ಡಿಂಕು ಥರ ಆಡಿಸುವವರ ಪಕ್ಕದಲ್ಲಿ ಕೂತು ದವಡೆ ಆಡಿಸುವಂಥದ್ದು. ಇದಕ್ಕೆ ‘ಮಾತಾಡುವ ಗೊಂಬೆ’ ಅಂತ ನಮ್ಮಲ್ಲಿ ರೂಢಿ ಇದೆ. ಆದರೆ ನಮ್ಮ ಮಾತಾಡುವ ಗೊಂಬೆ ಮಾತಾಡುವುದಿಲ್ಲ, ಆಡಿಸುವವರು ತುಟಿ ಅಲ್ಲಾಡಿಸದೆ ಮಾತಾಡುತ್ತಾರೆ. ಸಿಡ್ ನಿಜವಾಗಿ ಮಾತಾಡುತ್ತಾನೆ, ಶಾಪಕ್ಕೆ ಸಿಕ್ಕಿದ ರಾಕ್ಷಸಬೇಟೆಗಾರ ಅವನು. ಅಲ್ಲಿ ಸುಮ್ನೆ ‘ಮರದ ಗೊಂಬೆ’ ಎಂದು ಬರೆದು ಮುಂದೆ ಹೋದೆ.

ಏಂಜೆಲ್‌ಗೆ ಸದ್ಯ ‘ಬಟ್ಟೆಗೊಂಬೆ’ ಇಟ್ಟಿದ್ದೇನೆ. ತೋಳವಾಗಿ ಬದಲಾದ ಹುಡುಗಿ ಅವನನ್ನು ಕಚ್ಚಿ ಹರಿದು ಒಳಗೆ ತುಂಬಿದ್ದೆಲ್ಲ ಹೊರಗೆ ಬರುವ ದೃಶ್ಯಕ್ಕೆ ಅದೇ ಹೊಂದುತ್ತದೆ. ಬಾಯಿ ಆಡಿಸುವುದು ಮಾತ್ರ ಆ ಪದದಲ್ಲಿ ಬರುವುದಿಲ್ಲ, ಮಗು ಮಗ್ಗುಲಲ್ಲಿ ಇಟ್ಟು ಮಲಗುವ ಗೊಂಬೆ ಅನಿಸಿಬಿಡುತ್ತದೆ. ಕುಮಟಾ, ಹೊನ್ನಾವರ, ಭಟ್ಕಳದ ಕಡೆ ಕೈ ತೂರಿಸಿ ಆಡಿಸುವ ಗೊಂಬೆಗೆ ಬೇರೆ ಹೆಸರು ಏನಾದರೂ ಇದೆಯಾ? ಜಾತ್ರೆ ಅಂಗಡಿಯವರು ಕರೆಯುವ ಹೆಸರಾದರೂ ಅಡ್ಡಿಯಿಲ್ಲ.