ಹುಲ್ಲುಗಾವಲಿನ ಚಿಕ್ಕ ತುಣುಕಿನಲ್ಲೂ ಒಂದು ಗಿಡದ ತಳಿವೈವಿಧ್ಯ ಸರಿಯಾಗಿಯೇ ಕಾಣುತ್ತಿದೆ, ಬೀಜ ಮಾತ್ರ ಕಟ್ಟುತ್ತಿಲ್ಲ. ಏನು ನೋಡಬೇಕು?

ಗರಿಕೆ:
ನಡುವೆ ಉಳುಮೆಯ ಹೊಲ ಬಂದು ಸುಮಾರು 60 ವರ್ಷಗಳ ಹಿಂದೆ ಏಳು ತುಣುಕಾದ ಹುಲ್ಲುಗಾವಲು. ಗಿಡ ಬಹುವಾರ್ಷಿಕ, ಜೇನ್ನೊಣಗಳಿಂದ ಪರಾಗಸ್ಪರ್ಶ, ಸ್ವಂತ ಪರಾಗಕ್ಕೆ ಬೀಜ ಕಟ್ಟುವುದಿಲ್ಲ. ಪ್ರತಿ ತುಣುಕಿನಿಂದ 30 ಬಲಿತ ಗಿಡ, 12 ಮೈಕ್ರೋಸ್ಯಾಟಲೈಟ್ ಮಾರ್ಕರ್ (ಗಿಡದಿಂದ ಗಿಡಕ್ಕೆ ಉದ್ದ ಬದಲಾಗುವ ಡಿಎನ್‌ಎ ತುಣುಕುಗಳು). ನಿರೀಕ್ಷಿತ ಹೆಟಿರೋಜೈಗಸಿಟಿ (ಗಿಡದಲ್ಲಿರುವ ಒಂದು ಮಾರ್ಕರಿನ ಎರಡು ಪ್ರತಿಗಳೂ ಬೇರೆಯಾಗಿರುವ ಸಾಧ್ಯತೆ) ಎಲ್ಲ ಕಡೆ 0.60ರ ಆಸುಪಾಸು, ಎಫ್‌ಎಸ್‌ಟಿ (ತುಣುಕುಗಳ ನಡುವಿನ ತಳಿ ವ್ಯತ್ಯಾಸದ ಅಳತೆ) 0.04. ಆದರೆ ಅತಿ ಚಿಕ್ಕ ಎರಡು ತುಣುಕುಗಳಲ್ಲಿ ಕಾಯೆಲ್ಲ ಜೊಳ್ಳು. 'ವೈವಿಧ್ಯ ಉಳಿದಿದೆ, ಜೀನ್ ಹರಿವು ಚೆನ್ನಾಗಿದೆ' ಎಂದು ವರದಿಯಲ್ಲಿ ಬರೆಯಬಹುದೇ?

ಕೇಸರ:
ಬರೆಯಬೇಡಿ. ನೀವು ಅಳೆದಿರುವುದು ಹುಲ್ಲುಗಾವಲು ಒಡೆಯುವ ಮುಂಚಿನ ಸ್ಥಿತಿಯನ್ನು. ಒಂದು ಪೀಳಿಗೆಗೆ ಕಳೆದುಹೋಗುವ ಹೆಟಿರೋಜೈಗಸಿಟಿ 1/(2Ne) ಪಾಲು; Ne ಎಂದರೆ ಪರಿಣಾಮಕಾರಿ ಸಂಖ್ಯೆ, ಮುಂದಿನ ಪೀಳಿಗೆಗೆ ಜೀನ್ ದಾಟಿಸುವ ಗಿಡಗಳ ಲೆಕ್ಕ. ಪೀಳಿಗೆ 15 ವರ್ಷದ್ದು ಎಂದುಕೊಂಡರೆ 60 ವರ್ಷಕ್ಕೆ ನಾಲ್ಕೇ ಪೀಳಿಗೆ. ಪರಿಣಾಮಕಾರಿ ಸಂಖ್ಯೆ 50 ಇದ್ದರೂ 0.60 ಇದ್ದದ್ದು 0.58ರ ಹತ್ತಿರ ನಿಲ್ಲುತ್ತದೆ. 12 ಮಾರ್ಕರುಗಳ ದೋಷಮಿತಿಯೊಳಗೆ ಅದು ಮುಳುಗಿಹೋಗುತ್ತದೆ.

ಎಫ್‌ಎಸ್‌ಟಿಗೂ ಇದೇ ಮಾತು. 0.04ನ್ನು ವಲಸೆ ಲೆಕ್ಕ ಹಾಕುವ ಹಳೆಯ ಸೂತ್ರಕ್ಕೆ ಹಾಕಿದರೆ ಪೀಳಿಗೆಗೆ ಆರು ವಲಸಿಗರು ಎಂದು ಬರುತ್ತದೆ. ಆದರೆ ಆ ಸೂತ್ರ ಜೀನ್ ಹರಿವೂ ಡ್ರಿಫ್ಟೂ (ಆಕಸ್ಮಿಕವಾಗಿ ವೈವಿಧ್ಯ ಕಳೆದುಹೋಗುವುದು) ಸಮತೋಲಕ್ಕೆ ಬಂದಿವೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತದೆ. ನಾಲ್ಕು ಪೀಳಿಗೆಯಲ್ಲಿ ಎಲ್ಲಿಯ ಸಮತೋಲ?

ಪ್ರತಿ ತುಣುಕಿನಿಂದ 30 ಸಸಿಗಳನ್ನೂ, ಹತ್ತು ತಾಯಿಗಿಡಗಳಿಂದ ತಲಾ ಎಂಟು-ಹತ್ತು ಬೀಜಗಳನ್ನೂ ಸೇರಿಸಿ. ಬಲಿತವುಗಳಿಗೂ ಸಸಿಗಳಿಗೂ ನಡುವಿನ ಅಂತರವೇ ನಿಮಗೆ ಬೇಕಾದ ಸುದ್ದಿ. ಹೋಲಿಸುವಾಗ ಹೆಟಿರೋಜೈಗಸಿಟಿಗಿಂತ ಆಲೀಲುಗಳ (ಒಂದೇ ಜೀನ್ ಅಥವಾ ಮಾರ್ಕರಿನ ಬೇರೆ ಬೇರೆ ರೂಪಗಳ) ಸಂಖ್ಯೆ ನೋಡಿ, ಅತಿ ಚಿಕ್ಕ ಮಾದರಿಯ ಗಾತ್ರಕ್ಕೆ ಇಳಿಸಿಕೊಂಡು. ಮೊದಲು ಉದುರುವುದು ಅಪರೂಪದ ಆಲೀಲುಗಳು. ಅವು ಹೋದದ್ದು ಹೆಟಿರೋಜೈಗಸಿಟಿಗೆ ಗೊತ್ತೇ ಆಗುವುದಿಲ್ಲ. 30 ಗಿಡ ಎಂದರೆ 60 ಪ್ರತಿ: ಶೇ 5ರಷ್ಟಿರುವ ಆಲೀಲು ಒಮ್ಮೆಯಾದರೂ ಸಿಗುವ ಸಾಧ್ಯತೆ ಶೇ 95. ಅದಕ್ಕಿಂತ ಅಪರೂಪದ್ದು ತಪ್ಪಿಹೋಗಬಹುದು.

ಬೇರುಗಂಟು:
ಅದಕ್ಕೂ ಮೊದಲು ಆ 30 ಗಿಡ ನಿಜಕ್ಕೂ 30 ಗಿಡವೇ ನೋಡಿ. ನೆಲದಡಿಯ ಕಾಂಡದಿಂದ ಹರಡುವ ಜಾತಿಯಾದರೆ ಒಂದೇ ಗಿಡ ಹತ್ತಾರು ಬುಡಗಳಾಗಿ ನಿಂತಿರುತ್ತದೆ. ಎಲ್ಲ ಮಾರ್ಕರುಗಳಲ್ಲೂ ಒಂದೇ ಆಗಿರುವ ಮಾದರಿಗಳನ್ನು ಗುರುತಿಸಿ, ಒಂದನ್ನು ಉಳಿಸಿಕೊಂಡು ಮತ್ತೆ ಲೆಕ್ಕ ಹಾಕಿ. ಮುಂದಿನ ಸಲ ಆ ಕಾಂಡ ಹರಡುವಷ್ಟಕ್ಕಿಂತ ಹೆಚ್ಚು ಅಂತರ ಬಿಟ್ಟು ಎಲೆ ಕೀಳಿ.

ಎಲೆಯ ತೂಕದ ಹತ್ತು ಪಟ್ಟು ಸಿಲಿಕಾ ಜೆಲ್ ಬೇಕು. ಕಡಿಮೆಯಾದರೆ ಎಲೆ ನಿಧಾನ ಒಣಗಿ ಕಂದಾಗುತ್ತದೆ, ಡಿಎನ್‌ಎ ತುಂಡಾಗುತ್ತದೆ, ಉದ್ದದ ಆಲೀಲು ಪಿಸಿಆರ್‌ನಲ್ಲಿ ಏಳುವುದೇ ಇಲ್ಲ. ಆಗ ಹೆಟಿರೋಜೈಗಸ್ ಗಿಡ ಹೋಮೋಜೈಗಸ್‌ನಂತೆ ಕಂಡು ಎಫ್‌ಐಎಸ್ (ನಿರೀಕ್ಷೆಗಿಂತ ಹೆಟಿರೋಜೈಗಸ್ ಗಿಡ ಎಷ್ಟು ಕಡಿಮೆ ಎಂಬ ಅಳತೆ) ಸುಮ್ಮನೆ ಏರುತ್ತದೆ. ಒಂದೆರಡು ಮಾರ್ಕರುಗಳಲ್ಲಷ್ಟೇ ಏರಿದ್ದರೆ ಅದು ಮಾರ್ಕರಿನ ದೋಷ. ಎಲ್ಲದರಲ್ಲೂ ಏರಿದ್ದರೆ ಒಳಸಂಕರಣವನ್ನು ಶಂಕಿಸಿ.

ಶಲಾಕೆ:
ಜೊಳ್ಳಿನ ಕಾರಣ ಮೈಕ್ರೋಸ್ಯಾಟಲೈಟಿನಲ್ಲಿ ಸಿಗದೇ ಇರಬಹುದು. ಸ್ವಂತ ಪರಾಗ ಒಪ್ಪದ ಗಿಡದಲ್ಲಿ ಎಸ್ ಆಲೀಲುಗಳೇ (ಪರಾಗ ತನ್ನದೇ ಎಂದು ಗುರುತಿಸಿ ತಡೆಯುವ ಜೀನಿನ ರೂಪಗಳು) ನಿರ್ಣಾಯಕ. ಪರಾಗದ ಸ್ವಂತ ಆಲೀಲೇ ತಡೆ ಒಡ್ಡುವ ಜಾತಿಯಾದರೆ, n ಆಲೀಲು ಸಮವಾಗಿ ಹಂಚಿರುವಾಗ ಒಂದು ಪರಾಗಕಣಕ್ಕೆ ಒಪ್ಪುವ ಗಿಡಗಳ ಪಾಲು (n−2)/n. 20 ಆಲೀಲು ಇದ್ದರೆ ಶೇ 90. ನಾಲ್ಕಕ್ಕೆ ಇಳಿದರೆ ಅರ್ಧ. ಮೂರಾದರೆ ಮೂರರಲ್ಲಿ ಒಂದು. ಅಮೆರಿಕದ ಇಲಿನಾಯ್‌ನಲ್ಲಿ ಉಳಿದಿದ್ದ ಲೇಕ್‌ಸೈಡ್ ಡೈಸಿ ಗಿಡಗಳು ಬೀಜವನ್ನೇ ಕಟ್ಟುತ್ತಿರಲಿಲ್ಲ, ಎಲ್ಲವೂ ಪರಸ್ಪರ ಪರಾಗ ಒಪ್ಪದ ಒಂದೇ ಕೂಡು ಗುಂಪಿನವು. ಓಹಾಯೋದ ಗಿಡಗಳೊಂದಿಗೆ ಸಂಕರಿಸಿದಾಗ ಬೀಜ ಬಂತು.

ಪರೀಕ್ಷೆ ಸುಲಭ. ಮೊಗ್ಗಿನಲ್ಲೇ ಕೇಸರ ಕಿತ್ತು ತೆಳು ಬಟ್ಟೆಯ ಚೀಲ ಕಟ್ಟಿ. ಪ್ರತಿ ತಾಯಿಗಿಡದಲ್ಲೂ ನಾಲ್ಕು ಬಗೆ, ತಲಾ ಮೂರು ಹೂ: ಸ್ವಂತ ಪರಾಗ, ಅದೇ ತುಣುಕಿನ ಬೇರೆ ಗಿಡದ್ದು, ದೂರದ ತುಣುಕಿನದ್ದು, ಹಾಗೇ ಬಿಟ್ಟ ಹೂ (ಇದಕ್ಕೆ ಕೇಸರ ಕೀಳುವುದೂ ಬೇಡ, ಚೀಲವೂ ಬೇಡ). ತುಣುಕಿಗೆ ಕನಿಷ್ಠ ಹತ್ತು ತಾಯಿಗಳಿರಲಿ. ಬೇರೆ ಗಿಡದ ಪರಾಗ ಹಾಕಿದ ಹೂಗಳು ಕಟ್ಟಿ, ಬಿಟ್ಟ ಹೂ ಜೊಳ್ಳಾದರೆ ಜೇನ್ನೊಣಗಳ ಕೊರತೆ. ತುಣುಕಿನೊಳಗಿನ ಜೋಡಿಗಳಲ್ಲಿ ಕೆಲವು ಪೂರ್ತಿ ಕಟ್ಟಿ ಕೆಲವು ಸೊನ್ನೆಯಾದರೆ ಎಸ್ ಆಲೀಲಿನ ಕೊರತೆ. ಎಲ್ಲ ಜೋಡಿಗಳೂ ಅಷ್ಟಿಷ್ಟು ಕಟ್ಟಿ ಮೊಳಕೆಯೂ ದುರ್ಬಲವಾದರೆ ಒಳಸಂಕರಣದ ಹೊಡೆತ. ಇನ್ನೂ ಅನುಮಾನವಿದ್ದರೆ 24 ಗಂಟೆಯ ನಂತರ ಹೂವಿನ ಶಲಾಕೆ (ಅಂಡಾಶಯದ ಮೇಲಿನ ಕಡ್ಡಿ) ಕಿತ್ತು, ಅನಿಲೀನ್ ಬ್ಲೂ ಹಾಕಿ ಯುವಿ ಬೆಳಕಿನಲ್ಲಿ ನೋಡಿ: ತಡೆ ಬಿದ್ದ ಪರಾಗನಾಳ ಅರ್ಧದಲ್ಲೇ ಉಬ್ಬಿ ನಿಂತಿರುತ್ತದೆ.

ಗರಿಕೆ:
ಎಸ್ ಆಲೀಲಿನದ್ದೇ ಕೊರತೆ ಎಂದಾದರೆ ದೊಡ್ಡ ತುಣುಕಿನ ಬೀಜ ತಂದು ಬಿತ್ತಬಹುದೇ?

ಶಲಾಕೆ:
ತರಬಹುದು, ಕ್ರೋಮೋಸೋಮ್ ಸಂಖ್ಯೆ ನೋಡಿದ ಮೇಲೆ. ಹುಲ್ಲುಗಾವಲಿನ ಜಾತಿಗಳಲ್ಲಿ ಒಂದೇ ಹೆಸರಿನಡಿ ಕ್ರೋಮೋಸೋಮಿನ ಎರಡು ಕಟ್ಟಿರುವ ಡಿಪ್ಲಾಯ್ಡೂ ನಾಲ್ಕು ಕಟ್ಟಿರುವ ಟೆಟ್ರಾಪ್ಲಾಯ್ಡೂ ಇರುವುದು ಸಾಮಾನ್ಯ. ಬೆರೆತರೆ ಹುಟ್ಟುವ ಮೂರು ಕಟ್ಟಿನ ಟ್ರಿಪ್ಲಾಯ್ಡ್ ಬಹುಪಾಲು ಬಂಜೆ. ಪ್ರತಿ ತುಣುಕಿನ ಕೆಲವು ಗಿಡಗಳನ್ನು ಫ್ಲೋ ಸೈಟೋಮೆಟ್ರಿಗೆ (ಕೋಶದ ಡಿಎನ್‌ಎ ಪ್ರಮಾಣ ಅಳೆಯುವ ಪರೀಕ್ಷೆ) ಕೊಟ್ಟರೆ ಸಾಕು. ಬೀಜವನ್ನು 50 ತಾಯಿಗಿಡಗಳಿಂದ, ಆ ವರ್ಷದ ಫಸಲಿನ ಶೇ 10 ಮೀರದಂತೆ, ತಾಯಿಗೊಂದು ಪೊಟ್ಟಣದಲ್ಲಿ ತೆಗೆಯಿರಿ. ಎಲ್ಲ ಸುರಿದು ಬೆರೆಸಿದರೆ ಹೆಚ್ಚು ಬೀಜ ಕೊಟ್ಟ ಎರಡು ಮೂರು ತಾಯಿಗಳೇ ತುಂಬಿಕೊಳ್ಳುತ್ತವೆ. ಗಟ್ಟಿ ಹುಲ್ಲಿನ ನಡುವೆ ಎರಚಿದ ಬೀಜ ಏಳುವುದು ಕಡಿಮೆ; ಸಸಿ ಮಾಡಿ ನೆಡಿ, ಪ್ರತಿ ತಾಯಿಯಿಂದ ಸಮ ಸಂಖ್ಯೆಯಲ್ಲಿ.