ಒಂದೇ ಬೆಂಚು, ಒಂದೇ ನೋಟ್ಸು, ಸಿಇಟಿ ರ‍್ಯಾಂಕ್ ಮಾತ್ರ ಎಲ್ಲಿಂದೆಲ್ಲಿಗೆ!

ಲಗ್ಗೆರೆ ಮೇಷ್ಟ್ರು:
ಸಂಜೆ ಮನೆಯಲ್ಲೇ ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಈ ಸಲ ಇಬ್ಬರು ಹುಡುಗಿಯರಿದ್ದರು. ನಿಜ ಹೇಳಬೇಕಂದ್ರೆ ಲೆಕ್ಕದಲ್ಲಿ ಎರಡನೆಯವಳೇ ಒಂದು ಕೈ ಮೇಲು. ಸಿಇಟಿಯಲ್ಲಿ ಮೊದಲನೆಯವಳಿಗೆ 8 ಸಾವಿರದೊಳಗೆ ರ‍್ಯಾಂಕ್ ಬಂತು, ಇವಳಿಗೆ 70 ಸಾವಿರ. ಅವಳ ಅಪ್ಪ ಎಂಜಿನಿಯರ್, ರಾಜಾಜಿನಗರದಲ್ಲಿ ಕೋಚಿಂಗಿಗೂ ಕಳಿಸುತ್ತಿದ್ದರು. ಇವಳ ಅಮ್ಮ ಪೀಣ್ಯದಲ್ಲಿ ಗಾರ್ಮೆಂಟ್ಸಿಗೆ ಹೋಗುತ್ತಾರೆ. ನಲ್ಲಿಯಲ್ಲಿ ನೀರು ಬರುವ ದಿನ ಇವಳು ಟ್ಯೂಷನ್ನಿಗೆ ಬರುವುದೇ ಇಲ್ಲ. ದುಡ್ಡಿಗೂ ಮಾರ್ಕ್ಸಿಗೂ ಇಷ್ಟು ನಂಟಿದೆಯಾ? ಇಲ್ಲಾ ನನ್ನ ಪಾಠದಲ್ಲೇ ಏನೋ ಕೊರತೆಯಾ?

98ರ ಬ್ಯಾಚ್:
ನಾನೂ ಹಳ್ಳಿಯವನೇ ಮೇಷ್ಟ್ರೇ. 1998ರಲ್ಲಿ ಸಿಇಟಿ ಬರೆದೆ, ಕೋಚಿಂಗ್ ಗೀಚಿಂಗ್ ಏನೂ ಇರಲಿಲ್ಲ, ಸೀಟು ಸಿಕ್ಕಿತು. ಓದಿದರೆ ಬರುತ್ತೆ, ಅಷ್ಟೇ.

ಫಿಸಿಕ್ಸ್ ಲೆಕ್ಚರರ್:
ಆಗ ನಿಮ್ಮ ಪಕ್ಕ ಕೂತವರಲ್ಲೂ ಕೋಚಿಂಗ್ ಹೋದವರು ಕಮ್ಮಿ ಸಾರ್. ರ‍್ಯಾಂಕ್ ಅಂದರೆ ಪಕ್ಕದವನಿಗಿಂತ ಮುಂದಿದ್ದೀವಾ ಅನ್ನೋದೇ ಅಲ್ವಾ?

ಮೇಷ್ಟ್ರೇ, ಒಂದು ಪೇಪರಿಗೆ 60 ಪ್ರಶ್ನೆ, 80 ನಿಮಿಷ. ಒಂದು ಲೆಕ್ಕಕ್ಕೆ 80 ಸೆಕೆಂಡ್ ಸಿಗುತ್ತದೆ. ಗಡಿಯಾರ ಎದುರಿಗಿಟ್ಟುಕೊಂಡು ಮತ್ತೆ ಮತ್ತೆ ಬರೆದಿರಬೇಕು. ಕೋಚಿಂಗ್‌ನವರು ಮಾರುವುದು ಆ ಅಭ್ಯಾಸವನ್ನೇ. ನಿಮ್ಮ ಹುಡುಗಿ ಕನ್ನಡ ಮಾಧ್ಯಮದವಳಾ? ನನ್ನ ಕ್ಲಾಸಿನಲ್ಲಿ ಪ್ರತಿ ವರ್ಷ ನೋಡುತ್ತೇನೆ. ಜಡತ್ವ, ವೇಗೋತ್ಕರ್ಷ ಅಂದರೆ ಪಟಪಟ ಹೇಳುತ್ತಾರೆ. ಇನರ್ಷಿಯಾ, ಆಕ್ಸಲರೇಷನ್ ಅಂದರೆ ಸುಮ್ನೆ ತಲೆ ತಗ್ಗಿಸುತ್ತಾರೆ. ಫಸ್ಟ್ ಪಿಯು ಅರ್ಧ ವರ್ಷ ಅದಕ್ಕೇ ಹೋಗುತ್ತದೆ.

ಅಮೆರಿಕದಲ್ಲೂ ಇದೇ ಗೋಳು. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಅವರ ತಂಡ ಅಲ್ಲಿನ ಕಾಲೇಜು ಪ್ರವೇಶದ ಪರೀಕ್ಷೆ ಎಸ್‌ಎಟಿಯ ಅಂಕಗಳನ್ನು ಅಪ್ಪ ಅಮ್ಮಂದಿರ ತೆರಿಗೆ ದಾಖಲೆ ಜೊತೆ ಇಟ್ಟು ನೋಡಿತು. 2023ರಲ್ಲಿ ಬಂದ ಲೆಕ್ಕ: 1600ಕ್ಕೆ 1300 ಅಥವಾ ಅದಕ್ಕಿಂತ ಜಾಸ್ತಿ ತೆಗೆಯುವ ಸಾಧ್ಯತೆ, ತೀರಾ ಬಡ ಮನೆಯ ಮಕ್ಕಳಿಗಿಂತ ಶೇ 1ರಷ್ಟಿರುವ ಅತಿ ಶ್ರೀಮಂತರ ಮಕ್ಕಳಿಗೆ 13 ಪಟ್ಟು.

ಅಂದ ಹಾಗೆ, 1ರಿಂದ 10ರವರೆಗೆ ಕನ್ನಡದಲ್ಲೇ ಓದಿದ್ದರೆ ಶೇ 5 ಮೀಸಲಾತಿ ಇದೆ. ಅರ್ಜಿಯಲ್ಲಿ ಕೇಳಿದ್ದಾಳಾ?

ಲಗ್ಗೆರೆ ಮೇಷ್ಟ್ರು:
ಕೇಳಿದ್ದಾಳೆ. ಸೈಬರ್ ಸೆಂಟರಿನಲ್ಲಿ ನಾನೇ ಪಕ್ಕ ಕೂತು ತುಂಬಿಸಿದ್ದೆ. ಗಡಿಯಾರದ ಮಾತು ಚುಚ್ಚಿತು ಮೇಡಂ. ಅವಸರ ಮಾಡಬೇಡ, ನಿಧಾನಕ್ಕೆ ಬಿಡಿಸು ಅಂತ ಎರಡು ವರ್ಷ ಹೇಳಿಕೊಟ್ಟವನು ನಾನೇ.

ಆವತ್ತು ಪಕ್ಕದ ಸಿಸ್ಟಮ್ಮಿನಲ್ಲಿ ಇನ್ನೊಬ್ಬ ಹುಡುಗ ಕೂತಿದ್ದ, ಅವನೂ ಕನ್ನಡ ಮಾಧ್ಯಮದವನೇ. ಆ ಕಾಲಂಗೆ 'ನೋ' ಒತ್ತಿದ್ದ. ಯಾಕಪ್ಪಾ ಅಂದೆ. "ಅದು ನಮಗೂ ಬರುತ್ತಾ ಸಾರ್?" ಅಂದ.