ಅಜ್ಜಿ ಮನೆಯ ವೇಣುಗೋಪಾಲ: ತೊಳೆಯಬೇಕಾ, ಮಾರಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ಮ್ಯೂಸಿಯಂನಲ್ಲಿ ಲೋಹದ ವಿಗ್ರಹಗಳನ್ನು ನೋಡಿಕೊಳ್ಳುತ್ತಿದ್ದವರು ನೀವು ಅಂತ ಗೊತ್ತಾಯಿತು, ಅದಕ್ಕೆ ಕೇಳುತ್ತಿದ್ದೇನೆ. ಅಜ್ಜಿ ಹೋದ ಮೇಲೆ ಹಳೇ ಮನೆ ಖಾಲಿ ಮಾಡುವಾಗ ದೇವರ ಕೋಣೆಯಲ್ಲಿ ಗೇಣುದ್ದದ ವೇಣುಗೋಪಾಲ ಸಿಕ್ಕಿದ. ಮುತ್ತಜ್ಜನ ಅಪ್ಪನ ಕಾಲದಿಂದ ಪೂಜೆಯಲ್ಲಿತ್ತಂತೆ. ಮೈಯೆಲ್ಲ ಕಪ್ಪು, ಪೀಠದ ಹತ್ತಿರ ಹಸಿರು. ಸುದ್ದಿ ಹೇಗೆ ಹೋಯಿತೋ, ಒಬ್ಬರು ಬಂದು "ಚೋಳರ ಕಾಲದ್ದು, ಅಪ್ಪಟ ಪಂಚಲೋಹ. ಒಳ್ಳೇ ರೇಟ್ ಕೊಡ್ತೀನಿ, ಕಾರ್ಬನ್ ಟೆಸ್ಟ್ ನಾನೇ ಮಾಡಿಸ್ತೀನಿ" ಅಂದರು. ಕೊಡೋದಾದರೆ ಮೊದಲು ಹುಣಸೆಹಣ್ಣು ಹಾಕಿ ತಿಕ್ಕೋಣ ಅಂತ ನಮ್ಮತ್ತೆ ಹೇಳುತ್ತಿದ್ದಾರೆ.

ಉತ್ತರ: ಅತ್ತೆಗೆ ಹೇಳಿ, ಹುಣಸೆಹಣ್ಣು ಡಬ್ಬಿಗೆ ವಾಪಸ್ ಹೋಗಲಿ. ಎಣ್ಣೆ, ಗಾಳಿ, ದೀಪದ ಹೊಗೆ ಎಲ್ಲ ಸೇರಿ ಎಷ್ಟೋ ವರ್ಷದಲ್ಲಿ ಕಟ್ಟಿಕೊಂಡ ಪದರ ಆ ಕಪ್ಪು. ಹುಳಿ ತಾಗಿದರೆ ಒಂದೇ ಮಧ್ಯಾಹ್ನಕ್ಕೆ ಹೋಗುತ್ತದೆ, ಮತ್ತೆ ಬರುವುದಿಲ್ಲ.

ಹಸಿರನ್ನು ಮಾತ್ರ ಸರಿಯಾಗಿ ನೋಡಿ. ಗಟ್ಟಿಯಾಗಿ ಅಂಟಿಕೊಂಡ ಕಡು ಹಸಿರು ಕಿಲುಬಾದರೆ ಭಯವಿಲ್ಲ. ಬೆರಳಿಗೆ ಹತ್ತುವ ತಿಳಿ ಹಸಿರು ಪುಡಿ, ಒರೆಸಿದರೂ ಅದೇ ಜಾಗದಲ್ಲಿ ಮತ್ತೆ ಏಳುತ್ತಿದ್ದರೆ ಅದು ಕಾಯಿಲೆ. ಕಂಚಿನ ರೋಗ ಅಂತಲೇ ನಾವು ಕರೆಯುವುದು. ಉಪ್ಪಿನಲ್ಲಿರುವಂಥ ಕ್ಲೋರೈಡ್ ಮತ್ತು ತೇವ ಸೇರಿ ಲೋಹವನ್ನು ಒಳಗೊಳಗೇ ತಿನ್ನುತ್ತವೆ. ನೀರು ಮುಟ್ಟಿಸದೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿದ ಡಬ್ಬದಲ್ಲಿಡಿ. ಆಮೇಲೆ ಸಂರಕ್ಷಣೆ ಗೊತ್ತಿರುವವರ ಹತ್ತಿರ ತೋರಿಸಿ.

ಕಾರ್ಬನ್ ಟೆಸ್ಟ್ ಅಂದವರನ್ನು ಬಾಗಿಲಲ್ಲೇ ಅನುಮಾನಿಸಬಹುದಿತ್ತು! ಅದು ಮರ, ಮೂಳೆ, ಬಟ್ಟೆಯಂಥ ಒಂದು ಕಾಲಕ್ಕೆ ಜೀವವಿದ್ದ ವಸ್ತುಗಳ ವಯಸ್ಸು ಅಳೆಯುವ ಪರೀಕ್ಷೆ. ಲೋಹಕ್ಕೆ ಆಗದು. ಟೊಳ್ಳು ಎರಕವಾಗಿದ್ದು ಒಳಗೆ ಸುಟ್ಟ ಮಣ್ಣು ಉಳಿದಿದ್ದರೆ ಆ ಮಣ್ಣಿನ ವಯಸ್ಸು ಅಳೆಯಬಹುದು. ಚೋಳರದ್ದು ಗಟ್ಟಿ ಎರಕ, ಒಳಗೆ ಮಣ್ಣೆಲ್ಲಿಂದ ಬರಬೇಕು? ಪಂಚಲೋಹದ ಕಥೆಯೂ ಅಷ್ಟೇ. ಹಳೇ ವಿಗ್ರಹಗಳನ್ನು ಪರೀಕ್ಷಿಸಿದರೆ ಸಿಗುವುದು ಬಹುಪಾಲು ತಾಮ್ರ, ಜೊತೆಗೆ ತವರ, ಸೀಸ. ಚಿನ್ನ, ಬೆಳ್ಳಿ ಸಿಕ್ಕರೂ ಲೆಕ್ಕಕ್ಕಿಲ್ಲದಷ್ಟು.

ನಾನು ಮೊದಲು ನೋಡುವುದು ಸವೆತ. ದಿನಾ ಅಭಿಷೇಕ ಮಾಡಿ ಒರೆಸಿದ ವಿಗ್ರಹದ ಮೂಗು, ಹೊಟ್ಟೆ, ಮೊಣಕಾಲು ಸವೆದಿರುತ್ತದೆ. ಕೈ ಹೋಗದ ಸಂದುಗಳಲ್ಲಿ ಗೆರೆ ಚೂಪಾಗಿಯೇ ಇರುತ್ತದೆ. ಒಮ್ಮೆ ಒಬ್ಬ ಸಂಗ್ರಾಹಕರು ಇನ್ನೂರು ವರ್ಷದ ಪಾರ್ವತಿ ಅಂತ ತಂದರು. ಮೂಗಿನ ತುದಿಯಿಂದ ಕಂಕುಳ ಸಂದಿಯವರೆಗೆ ಒಂದೇ ಸಮ ಹಸಿರು. ಹತ್ತಿಗೆ ಬಣ್ಣ ಕರಗಿಸುವ ಅಸಿಟೋನ್ ಸ್ವಲ್ಪ ಹಾಕಿ ಬೆನ್ನ ಮೇಲೆ ಒತ್ತಿದೆ. ಹತ್ತಿ ಹಸಿರಾಯಿತು. ಪಾಪ, ಆಮೇಲೆ ಅವರು ಕಾಫಿಯನ್ನೂ ಕುಡಿಯಲಿಲ್ಲ.

ಇನ್ನು ಮಾರಾಟ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಲೋಹದ ವಿಗ್ರಹ ಮನೆಯಲ್ಲಿಟ್ಟುಕೊಳ್ಳಬಹುದು, ಆದರೆ ಪುರಾತತ್ವ ಇಲಾಖೆಯ ನೋಂದಣಿ ಅಧಿಕಾರಿ ಹತ್ತಿರ ಫೋಟೋ ಸಮೇತ ನೋಂದಾಯಿಸಬೇಕು. ಕೈ ಬದಲಾದರೆ ಅವರಿಗೆ ತಿಳಿಸಬೇಕು. ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು. ಮನೆಗೆ ಬಂದವರ ಹತ್ತಿರ ಅದನ್ನು ಕೇಳಿ ನೋಡಿ, ಮತ್ತೆ ಬರುತ್ತಾರೋ ಇಲ್ಲವೋ.

ಇನ್ನೊಬ್ಬರು: ಮೇಡಂ, ನಮ್ಮಲ್ಲೂ ಹಳೇ ಗಣಪತಿ ಇದೆ. ತಮ್ಮ ಅಮೆರಿಕದಲ್ಲಿದ್ದಾನೆ, ಸೂಟ್‌ಕೇಸಲ್ಲಿ ತೆಗೆದುಕೊಂಡು ಹೋಗಬಹುದಾ? ಮನೆ ದೇವರೇ ಅಲ್ವಾ?

ಉತ್ತರ: 100 ವರ್ಷ ದಾಟಿದ್ದರೆ ಆಗುವುದಿಲ್ಲ. ಹೊರದೇಶಕ್ಕೆ ಕಳಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಮತ್ತು ಅದು ಒಪ್ಪಿದ ಸಂಸ್ಥೆಗೆ ಮಾತ್ರ. ಸಿಕ್ಕಿಬಿದ್ದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು. ಹೊಸದೇ ಆಗಿದ್ದರೂ ಸುಮ್ನೆ ಹೊರಡಬೇಡಿ, ಪುರಾತನ ವಸ್ತು ಅಲ್ಲ ಅಂತ ಇಲಾಖೆಯಿಂದ ಸರ್ಟಿಫಿಕೇಟ್ ಮಾಡಿಸಿಕೊಳ್ಳಲಿ.

ಮತ್ತೊಬ್ಬರು: ನಾನು ಸಣ್ಣ ಮಟ್ಟದಲ್ಲಿ ಸಂಗ್ರಹ ಮಾಡುತ್ತೇನೆ. ಮಾರುವವರು ಹಳೇ ರಸೀದಿ ತೋರಿಸಿದರೆ ಸಾಕಲ್ವಾ?

ಉತ್ತರ: ರಸೀದಿಯನ್ನೂ ಹಳೇದು ಮಾಡಬಹುದು. ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿ 2008ರಲ್ಲಿ ಒಂದು ಚೋಳ ನಟರಾಜನನ್ನು ಸುಮಾರು 50 ಲಕ್ಷ ಅಮೆರಿಕನ್ ಡಾಲರ್ ಕೊಟ್ಟು ಕೊಂಡಿತು, ಕಾಗದಪತ್ರ ನೋಡಿಯೇ. ಅದು ತಮಿಳುನಾಡಿನ ಶ್ರೀಪುರಂದಾನ್ ದೇವಸ್ಥಾನದಿಂದ ಕದ್ದದ್ದು. ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಆ ವಿಗ್ರಹದ ಫೋಟೋ ಹಿಂದೆಯೇ ತೆಗೆದಿಟ್ಟಿದ್ದರು, ಅದರ ಜೊತೆ ಹೋಲಿಸಿದಾಗ ಗುಟ್ಟು ರಟ್ಟಾಯಿತು. ಇಂಥ ವಿಗ್ರಹವನ್ನು ಮೊದಲು ಮೇಣದಲ್ಲಿ ಮಾಡಿ, ಸುತ್ತ ಮಣ್ಣು ಮೆತ್ತಿ, ಮೇಣ ಕರಗಿಸಿ ಆ ಜಾಗಕ್ಕೆ ಲೋಹ ಹೊಯ್ಯುತ್ತಾರೆ, ಕೊನೆಗೆ ಮಣ್ಣಿನ ಅಚ್ಚನ್ನು ಒಡೆದೇ ವಿಗ್ರಹ ತೆಗೆಯಬೇಕು. ಹಾಗಾಗಿ ಒಂದರ ಹಾಗೆ ಇನ್ನೊಂದಿರುವುದಿಲ್ಲ, ಗುರುತು ಸಿಕ್ಕೇ ಸಿಗುತ್ತದೆ. 2014ರಲ್ಲಿ ನಟರಾಜ ಭಾರತಕ್ಕೆ ವಾಪಸ್ ಬಂದ. ಅಷ್ಟು ದೊಡ್ಡ ಗ್ಯಾಲರಿಗೇ ಹೀಗಾದರೆ ನೀವು ಇನ್ನೂ ಜಾಸ್ತಿ ಹುಷಾರಾಗಿರಬೇಕು. ನೋಂದಣಿ ಇಲ್ಲದ್ದನ್ನು ನಾನಾಗಿದ್ದರೆ ಮುಟ್ಟುತ್ತಿರಲಿಲ್ಲ.

ಮೊದಲು ಕೇಳಿದವರು: ಮೇಡಂ, ಲೈಸೆನ್ಸ್ ಕೇಳಿದೆ. ಅವರು ಫೋನ್ ಎತ್ತುತ್ತಿಲ್ಲ. ಹುಣಸೆಹಣ್ಣು ಸಾರಿಗೆ ಹೋಯಿತು. ಪೀಠದ ಅಡಿಯಲ್ಲಿ ಏನೋ ಅಕ್ಷರ ಇದ್ದ ಹಾಗಿದೆ, ಫೋಟೋದಲ್ಲಿ ಕಾಣುತ್ತಿಲ್ಲ. ಸ್ವಲ್ಪ ಉಜ್ಜಲಾ?

ಉತ್ತರ: ಬೇಡ, ಬೇಡ! ಲೈಟ್ ಆರಿಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಇನ್ನೊಂದು ಫೋಟೋ ತೆಗೆದು ಕಳಿಸಿ. ಕೆತ್ತಿದ್ದಾದರೆ ನೆರಳು ಬಿದ್ದು ತಾನೇ ಕಾಣುತ್ತದೆ.